ಹೆಜ್ಜೆ ಏಳುವ ತನಕ

ಪೆಟ್ಟಿಗೆ ಹೊತ್ತ ನಾಲ್ವರೂ ಮೆಟ್ಟಿಲ ಕೆಳಗೆ ನಿಂತುಬಿಟ್ಟರು. ಎದುರಿಗೆ ಹುಲ್ಲುಹಾಸು, ಅದರಾಚೆ ಗೇಟು, ಗೇಟಿನ ಹೊರಗೆ ಹೆಣದ ಗಾಡಿ. ನಡುವೆ ಸತ್ತವನ ಹೆಂಡತಿ ಎರಡೂ ಕೈ ಚಾಚಿ ನಿಂತಿದ್ದಳು.

“ಹುಲ್ಲಿನ ಮೇಲೆ ಬೇಡ. ಪಕ್ಕದ ಓಣೀಲಿ ಹೋಗಿ.”

“ಅತ್ತಿಗೆ, ಆ ಮೂಲೇಲಿ ಪೆಟ್ಟಿಗೆ ತಿರುಗಲ್ಲ,” ಎಂದ ಸತ್ತವನ ತಮ್ಮ. ಮುಂದಿನ ಬಲಗಡೆಯ ಹೆಗಲು ಅವನದು. “ಬೇಗ ಹೇಳಿ, ಹೆಗಲು ಬಿದ್ದೋಗ್ತಿದೆ. ಅಣ್ಣ ಈಗೇನು ಎದ್ದು ಬಂದು ಬೈತಾನಾ?”

“ಬೈದ್ರೂ ಬೈದಾನು,” ಎಂದು ಹಿಂದಿನಿಂದ ಕ್ಷೌರದಂಗಡಿಯವನು ಗೊಣಗಿದ. “ನನ್ನ ಚಪ್ಪಲಿ ಒಂದ್ಸಲ ಈ ಹುಲ್ಲಿನ ಅಂಚಿಗೆ ತಾಗಿತ್ತು ಅಷ್ಟೇ. ಆರು ತಿಂಗಳು ತಲೆ ಬೆಳೆಸ್ಕೊಂಡು ಓಡಾಡಿದ, ನನ್ನ ಅಂಗಡಿ ಮೆಟ್ಟಿಲು ಹತ್ತಲಿಲ್ಲ ಪುಣ್ಯಾತ್ಮ.”

ಯಾರೋ ನಕ್ಕರು. ನಕ್ಕದ್ದಕ್ಕೆ ನಾಚಿ ಕೆಮ್ಮಿದರು.

ಮಗಳು ಬಂದು ತಾಯಿಯ ಮುಂಗೈ ಹಿಡಿದಳು. ಚರ್ಮಕ್ಕೂ ಮೂಳೆಗೂ ನಡುವೆ ಏನೂ ಇರಲಿಲ್ಲ. ಎಳೆದರೆ, ತಂತಿಯ ಮೇಲೆ ಒಣಗಿದ ಬಟ್ಟೆ ಬಂದ ಹಾಗೆ ಬಂದುಬಿಟ್ಟಳು.

“ನಡೀರಿ ಚಿಕ್ಕಪ್ಪ. ಹುಲ್ಲಿನ ಮೇಲೇ ನಡೀರಿ.”

ಪೆಟ್ಟಿಗೆ ಹೋಯಿತು. ಹಿಂದೆ ನಲವತ್ತು ಜನ ಹೋದರು, ಬೂಟು ಚಪ್ಪಲಿ ಸಮೇತ. ತಾಯಿ ಪೆಟ್ಟಿಗೆಯನ್ನು ನೋಡಲಿಲ್ಲ, ಕಾಲುಗಳನ್ನು ನೋಡುತ್ತಿದ್ದಳು.

“ಅಮ್ಮ, ಇವತ್ತೇ ನನ್ನ ಜೊತೆ ಹೊರಡ್ತೀಯ,” ಎಂದಳು ಮಗಳು. “ನಿನ್ನನ್ನ ಈ ಹುಲ್ಲಿನ ಬಾಯಿಗೆ ಕೊಟ್ಟು ನಾನು ಹೋಗಲ್ಲ.”



*

ಸತ್ತವನು ಲಾರಿ ತೂಗುವ ಕಟ್ಟೆಯಲ್ಲಿ ಕೆಲಸಕ್ಕಿದ್ದ. ದಿನಕ್ಕೆ ಅರವತ್ತು ಲಾರಿ. ಖಾಲಿ ಬಂದಾಗ ಒಂದು ತೂಕ, ತುಂಬಿ ಹೊರಟಾಗ ಒಂದು ತೂಕ. “ಸುಮಾರು” ಎಂಬ ಮಾತು ಆಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಬೀದಿಯ ಹುಲ್ಲೆಲ್ಲ ಹಳೇ ಹಗ್ಗದ ಬಣ್ಣಕ್ಕೆ ತಿರುಗಿದರೂ ಅವನ ಮನೆಯ ಮುಂದೆ ಹಸಿರು. ಅದರಲ್ಲಿ ಮಾಟಮಂತ್ರವೇನೂ ಇರಲಿಲ್ಲ. ದಿನಾ ನೀರು ಚಿಮುಕಿಸುವವರು ದಡ್ಡರು, ಬೇರು ಕೆಳಗಿಳಿಯದೆ ಸೋಮಾರಿಯಾಗುತ್ತದೆ ಎನ್ನುತ್ತಿದ್ದ. ಬೇಸಿಗೆಯಲ್ಲಿ ನಾಲ್ಕು ಬೆರಳಿಗಿಂತ ಗಿಡ್ಡ ಕತ್ತರಿಸುತ್ತಿರಲಿಲ್ಲ. ಕತ್ತರಿಸಿದ್ದನ್ನು ನೆಲಕ್ಕೆ ನೆರಳಾಗಲೆಂದು ಅಲ್ಲೇ ಬಿಡುತ್ತಿದ್ದ. ಹುಲ್ಲು ಕೇಳಿದಾಗ ಮಾತ್ರ, ಸೂರ್ಯ ಹುಟ್ಟುವ ಮೊದಲು, ಗೇಣುದ್ದ ಇಳಿಯುವಂತೆ ನೀರು.

ಹುಲ್ಲು ಕೇಳುವುದು ಹೇಗೆ? ಬಾಯಾರಿದ ಹುಲ್ಲನ್ನು ತುಳಿದರೆ ಅದು ಬೇಗ ತಲೆ ಎತ್ತುವುದಿಲ್ಲ. ಬೇರೆ ಯಾರಾಗಿದ್ದರೂ ತಾವೇ ನಾಲ್ಕು ಹೆಜ್ಜೆ ಹಾಕಿ ನೋಡುತ್ತಿದ್ದರು. ಇವನು ಹೆಂಡತಿಯನ್ನು ನಡೆಸಿದ. ತನ್ನ ಕಾಲು ಭಾರ, ಅವಳದು ಹದವಾದ ಕಾಲು ಎಂದ. ದಿನಾ ಸಂಜೆ ಅವಳು ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಇವನು ಮೆಟ್ಟಿಲ ಮೇಲೆ ಕೂತು ನೂರರವರೆಗೆ ಎಣಿಸಬೇಕು. ಅಷ್ಟರೊಳಗೆ ಹೆಜ್ಜೆ ಎದ್ದರೆ ನೀರಿಲ್ಲ. ಏಳದಿದ್ದರೆ ನಾಳೆ ನೀರು.

ಒಂದು ಬೇಸಿಗೆ ಹೆಜ್ಜೆ ಏಳಲಿಲ್ಲವೆಂದು ನೀರು ಬಿಟ್ಟ, ಮತ್ತೂ ಬಿಟ್ಟ. ಒಂದು ಮೂಲೆ ಕೊಳೆತು ಹಳದಿಯಾಯಿತು. ಅವನು ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದ, ಕಟ್ಟೆ ಹತ್ತಿದ ಲಾರಿಯನ್ನು ನೋಡುವಂತೆ.

“ನೀನು ದಪ್ಪ ಆಗಿದ್ದೀಯ.”

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವಳೂ ತಿರುಗಿ ನಾಲ್ಕು ಮಾತು ಅನ್ನುತ್ತಿದ್ದಳು. ಅಂದಿನಿಂದ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುವುದನ್ನು ಕಲಿತಳು. ಬಸುರಿಯಾದಾಗ ಅವನು ಏಳು ತಿಂಗಳು ಅವಳನ್ನು ನಡೆಸಲಿಲ್ಲ. ಹೆಂಡತಿ ಮೇಲೆ ಎಂಥ ಪ್ರೀತಿ ಎಂದರು ಬೀದಿಯವರು. ಪ್ರೀತಿಯಂತೆ! ತೂಕ ದಿನಕ್ಕೊಂದು ಥರ ಬರುತ್ತಿತ್ತು, ಅದಕ್ಕೆ.

*

ಮಣ್ಣು ಮಾಡಿ ಬಂದಾಗ ಮೂರು ಗಂಟೆ. ಬಂದವರು ಟೀ ಕುಡಿದು ಒಬ್ಬೊಬ್ಬರೇ ಹೊರಟರು. ಕೊನೆಗೆ ಉಳಿದವನು ಚಿಕ್ಕಪ್ಪ. ಅವನು ಹುಲ್ಲಿನ ಅಂಚಿನಲ್ಲಿ ನಿಂತು ಮಗಳನ್ನು ಕರೆದ.

“ಇಲ್ಲಿ ನೋಡಮ್ಮ.”

ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ನಲವತ್ತು ಜನ, ಅಷ್ಟು ಭಾರದ ಪೆಟ್ಟಿಗೆ. ಹುಲ್ಲು ಬಾಚಿದಂತೆ ನೆಟ್ಟಗೆ ನಿಂತಿತ್ತು.

“ಹೆಗಲು ನೋಯ್ತಿರೋದಂತೂ ಸುಳ್ಳಲ್ಲ,” ಎಂದು ಅವನು ನಗಲು ನೋಡಿದ, ಆಗಲಿಲ್ಲ. ಚಪ್ಪಲಿ ಮೆಟ್ಟಿ, ಎದುರಿಗೇ ಇದ್ದ ಗೇಟಿಗೆ ಮನೆ ಸುತ್ತಿ ಓಣಿಯಿಂದ ಹೋದ.

“ನೋಡಿದ್ಯಾ ಅಮ್ಮ? ಚೆನ್ನಾಗೇ ಇದೆ ನಿನ್ನ ಹುಲ್ಲು. ಇನ್ನಾದ್ರೂ ಹೊರಡು.”

“ಕಂಡಕಂಡವರ ಕಾಲೆಲ್ಲ ಲೆಕ್ಕಕ್ಕೆ ಬರಲ್ಲ ಕಣೆ.”

“ಹಾಗಾದ್ರೆ ನೀನೇ ನಡಿ! ನಡೆದು ಮುಗಿಸು!”

“ನನ್ನ ಹೆಜ್ಜೆ ಮೂರು ತಿಂಗಳಿಂದ ಬೀಳ್ತಾನೇ ಇಲ್ಲ.”

ತಾಯಿ ಬರಿಗಾಲಲ್ಲಿ ಕೆಳಗಿಳಿದು ಆ ತುದಿಗೆ ಹೋಗಿ ಬಂದಳು. ಮಗಳು ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿದಳು. ತುಳಿದ ಜಾಗದಲ್ಲಿ ಒಂದು ಎಳೆಯೂ ಮಣಿದಿರಲಿಲ್ಲ. ಕೈಯೂರಿ ಎದ್ದಾಗ ಅವಳದೇ ಐದು ಬೆರಳು ಮಾತ್ರ ಸ್ಪಷ್ಟವಾಗಿ ಮೂಡಿತ್ತು.

“ನಿಮ್ಮಪ್ಪಂಗೆ ದಿಕ್ಕೇ ತೋಚಲಿಲ್ಲ,” ಎಂದಳು ತಾಯಿ. “ನಿದ್ದೆ ಬಿಟ್ಟು ಕೈಯಲ್ಲೇ ಮುಟ್ಟಿ ಮುಟ್ಟಿ ನೋಡ್ತಿದ್ರು. ಕೊನೆಗೆ ಅಲ್ಲೇ ಬಿದ್ದು ಪ್ರಾಣ ಬಿಟ್ರು. ಅಲ್ಲೀವರೆಗೂ ಮಗಳನ್ನ ಕರಿ, ಅವಳ ಕಾಲು ಸರಿಹೋಗುತ್ತೆ ಅಂತಿದ್ರು. ಎಷ್ಟು ಸಲ ಫೋನು ಮಾಡ್ಸಿದ್ರು. ನೀನು ಬರಲಿಲ್ಲ.”

“ಬರೋದೂ ಇಲ್ಲ. ಬ್ಯಾಗ್ ಕಾರಲ್ಲಿಟ್ಟಾಯ್ತು, ನಿನ್ನ ಅಳಿಯ ಕಾಯ್ತಿದಾರೆ. ಹೊರಡಮ್ಮ.”

“ನಾನೆಲ್ಲಿ ಬರಲ್ಲ ಅಂದೆ? ಒಂದೇ ಒಂದು ಸಲ ನಡೆದುಬಿಡು. ನೀರು ಬೇಕೋ ಬೇಡ್ವೋ ತಿಳಿದ್ರೆ ಹಿಂದೆ ತಿರುಗಿ ನೋಡಲ್ಲ.”

ಎರಡು ನಿಮಿಷದ ಕೆಲಸ. ಅಷ್ಟಕ್ಕೆ ಅಮ್ಮ ಬಿಡುಗಡೆಯಾಗುವುದಾದರೆ ಆಗಲಿ. ಮಗಳು ಚಪ್ಪಲಿ ಬಿಟ್ಟು ಹುಲ್ಲಿಗಿಳಿದಳು. ಅಷ್ಟು ಬಿಸಿಲಿನಲ್ಲೂ ಅದು ಬಾವಿಯ ಗೋಡೆಯಷ್ಟು ತಣ್ಣಗಿತ್ತು. ತಾಯಿ ಮೆಟ್ಟಿಲ ಮೇಲೆ ಕೂತಳು, ಗಂಡ ಕೂರುತ್ತಿದ್ದ ಕಡೆಯೇ. ತುಟಿ ಆಡತೊಡಗಿತು.

“ಆಯ್ತಾ ಅಮ್ಮ?”

“ಶ್ಶ್. ಬೆರಳೂರಬೇಡ, ಅಂಗಾಲು ಪೂರ್ತಿ ಇಡು. ನಿಧಾನ.”

ಗೇಟಿನ ಹೊರಗೆ ಅಳಿಯ ಕಾರಿನ ಹಾರ್ನ್ ಒತ್ತಿದ. ತಡೆದು ಮತ್ತೊಮ್ಮೆ ಒತ್ತಿದ. ಮಗಳು ತಿರುಗಲಿಲ್ಲ. ಹುಲ್ಲಿನ ನಟ್ಟನಡುವೆ ಒಂಟಿಕಾಲಲ್ಲಿ ನಿಂತು, ಎತ್ತಿದ ಇನ್ನೊಂದು ಕಾಲನ್ನು ಎಲ್ಲಿ ಇಡಲೆಂದು ಅಮ್ಮನ ಮುಖ ನೋಡುತ್ತಿದ್ದಳು.