ಮೂರನೇ ತರಗತಿಯ ಮೊದಲ ತಿಂಗಳು

ಜಹೀರಾಬಾದಿನ ಶಾಲೆ ಬಿಡಿಸಿ ಮಗಳನ್ನು ಹಳ್ಳಿಗೆ ಕರೆತರುವ ಮಾತು ಮೊದಲು ತೆಗೆದವಳು ಸೊಸೆ ಪೂರ್ಣಿಮಾ. ಕಾಶಪ್ಪನಿಗೆ ಆ ದಿನ ಚೆನ್ನಾಗಿ ನೆನಪಿದೆ. ಮೇ ತಿಂಗಳ ಕೊನೆ, ನೆಲ ಕಾದ ಹಂಚಿನಂತಿತ್ತು. ಕೊಹೀರ್ ದಾಟಿ ಎರಡು ಮೈಲಿ ಒಳಗಿದ್ದ ಅವನ ಊರಿಗೆ ಮಗ ಭೀಮೇಶ ತನ್ನ ಆಟೋದಲ್ಲೇ ಹೆಂಡತಿ ಮಗಳನ್ನು ಕೂರಿಸಿಕೊಂಡು ಬಂದಿದ್ದ. ಕಾಶಪ್ಪ ಬೇವಿನ ಬುಡದಲ್ಲಿ ಕುಂಟುತ್ತಿದ್ದ ಒಂದು ಕುರಿಯ ಗೊರಸು ಕೆರೆಯುತ್ತ ಕುಳಿತಿದ್ದ.

ನೀರು ಕುಡಿಯುವ ಮೊದಲೇ ಪೂರ್ಣಿಮಾ ಅಂದಳು, "ಮಾವ, ನಾವು ಊರಿಗೇ ಬಂದ್ಬಿಡ್ತೀವ್ರಿ."

"ಕೇಳಿದೇನಪ್ಪಾ?" ಭೀಮೇಶ ನಕ್ಕ. "ಎಲ್ಲಾರೂ ಹಳ್ಳಿ ಬಿಟ್ಟು ಜಹೀರಾಬಾದಕ್ಕ ಓಡಾಕತ್ತಾರ, ನಿನ್ನ ಸೊಸಿ ಉಲ್ಟಾ ಹೊಂಟಾಳ. ಇಲ್ಲಿ ಬಂದ್ರ ನನ್ನ ಆಟೋದಾಗ ಯಾರು ಕುಂದ್ರತಾರ? ನಿನ್ನ ಕುರಿ ಕುಂದ್ರತಾವೇನು?"

"ಕುರಿ ಕುಂದ್ರತಾವ. ಬಾಡಗಿ ಕೊಡಂಗಿಲ್ಲ, ಅಷ್ಟ," ಎಂದಳು ಕಾಶಪ್ಪನ ಹೆಂಡತಿ ಅಮೃತಬಾಯಿ, ಒಳಗಿಂದ ತಂಬಿಗೆ ತರುತ್ತ.

ಪೂರ್ಣಿಮಾ ನಗಲಿಲ್ಲ. ಚೀಲದಿಂದ ಮಗಳ ನೋಟುಪುಸ್ತಕ ತೆಗೆದು ಮಾವನ ಮುಂದೆ ಇಟ್ಟಳು. ಕಾಶಪ್ಪ ಶಾಲೆಗೆ ಹೋದದ್ದು ಎರಡೇ ಮಳೆಗಾಲ. ಆದರೂ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಅನ್ನುವುದು ಅವನಿಗೂ ಕಂಡಿತು.

"ಛಂದ ಬರ್ದಾಳಲ್ಲವ್ವ."

"ಛಂದ ಬರೀತಾಳ ಮಾವ. ಓದಾಕ ಬರಂಗಿಲ್ಲ. ಸಾರ್ ಬರ್ದ ಕರಿ ಫಳಿ ಮ್ಯಾಲಿಂದು ನೋಡಿ ಚಿತ್ರ ತೆಗದಂಗ ತೆಗೀತಾಳ. ಎರಡನೇದು ಪಾಸಾಗ್ಯಾಳ, ತನ್ನ ಹೆಸರು ಎಲ್ಲದ ಅಂದ್ರ ತೋರ್ಸಾಕ ಬರಂಗಿಲ್ಲ. ಒಂದು ಖೋಲ್ಯಾಗ ಅರವತ್ತೆರಡು ಹುಡುಗ್ರು. ಸಾರ್‌ಗ ಕೇಳಿದ್ರ ಟ್ಯೂಷನ್ ಹಚ್ಚಮ್ಮಾ ಅಂತಾರ."

ಮೊಮ್ಮಗಳು ಸ್ವರೂಪಾ ಅಜ್ಜಿಯ ಸೆರಗು ಹಿಡಿದು ನಿಂತಿದ್ದಳು. ತನ್ನ ಮಾತೇ ನಡೆಯುತ್ತಿದೆ ಎಂದು ಗೊತ್ತಾಗಿ ಕಾಲ ಹೆಬ್ಬೆರಳಿನಿಂದ ನೆಲ ಕೆದಕುತ್ತಿದ್ದಳು.

ಪೂರ್ಣಿಮಾಳ ತವರು ಪಸ್ತಾಪುರ. ಅವಳ ತಾಯಿ ಅಲ್ಲಿ ಸಿರಿಧಾನ್ಯ ಬೆಳೆಯುವ ಹೆಂಗಸರ ಸಂಘದವಳು. ಸಂಘದ ಒಬ್ಬಳ ಮೊಮ್ಮಗನಿಗೆ ಸರ್ಕಾರದ ದೊಡ್ಡ ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಆರನೆಯ ತರಗತಿಯಿಂದ ಹನ್ನೆರಡರವರೆಗೆ ಊಟ, ಬಟ್ಟೆ, ಪುಸ್ತಕ ಎಲ್ಲ ಅಲ್ಲೇ. ಪರೀಕ್ಷೆ ಬರೆದು ಒಳಗೆ ಹೋಗಬೇಕು. ನಾಲ್ಕರಲ್ಲಿ ಮೂರು ಪಾಲು ಸೀಟು ಹಳ್ಳಿಯ ಮಕ್ಕಳಿಗೆ.

"ಮೂರು, ನಾಕು, ಐದು, ಈ ಮೂರೂ ಹಳ್ಳಿ ಸಾಲ್ಯಾಗ ಓದಿರಬೇಕಂತ," ಎಂದಳು. "ಈ ಜೂನ್‌ದಾಗ ಇಕಿ ಮೂರನೇದು. ಈಗ ಬಿಟ್ರ ಹೋತು ಮಾವ. ನಾ ಏಳನೇದಕ್ಕ ಬಿಟ್ಟಾಕಿ. ಜನರ ಬ್ಲೌಜಿಗೆ ಗುಂಡಿ ಹಚ್ಚಕೋತ ಕುಂತೀನಿ. ಇಕಿನೂ ಹಂಗ ಕುಂದ್ರಬೇಕೇನು?"

ಸಂಜೆಯವರೆಗೆ ಮಾತು ನಡೆಯಿತು. ಭೀಮೇಶ ಒಮ್ಮೆ ಹೂಂ ಅಂದ, ಒಮ್ಮೆ ಊಹೂಂ ಅಂದ. ಹಳ್ಳಿಯ ಶಾಲೆಯಲ್ಲಿ ಮೇಷ್ಟರೇ ಬರುವುದಿಲ್ಲ ಎಂದ. ಮನೆಯ ಮಾಳಿಗೆ ಸೋರುತ್ತದೆ ಎಂದ. ಕೊನೆಗೆ ಹೆಂಡತಿಯ ಮುಖ ನೋಡಿ ಸೋತ. ಆಗ ತಂದೆಯನ್ನು ಕೇಳಿದ, "ನೀ ಏನಂತೀ ಅಪ್ಪಾ?"

ಕಾಶಪ್ಪ ತನಗೆ ಗೊತ್ತಿದ್ದದ್ದನ್ನು ಹೇಳಿದ. ಹೊಸ ಬಯಲಿಗೆ ಹೋಗುವಾಗ ಕುರುಬರು ಹಿಂಡನ್ನೆಲ್ಲ ಒಮ್ಮೆಲೇ ಎಬ್ಬಿಸುವುದಿಲ್ಲ. ಗಂಡಸರು ಮುಂದೆ ಹೋಗಿ ನೀರು, ಮೇವು ನೋಡುತ್ತಾರೆ. ಮರಿಗಳೂ ತಾಯಿಗಳೂ ಒಂದು ತಿಂಗಳು ಹಳೆಯ ಹಟ್ಟಿಯಲ್ಲೇ ಉಳಿಯುತ್ತವೆ. ಕುರಿ ಯಾವ ಹಟ್ಟಿಯದು ಎಂಬ ಲೆಕ್ಕಕ್ಕೆ ಅದು ಎಲ್ಲಿ ಹುಟ್ಟಿತು ಎಂದು ಯಾರೂ ಕೇಳುವುದಿಲ್ಲ; ಎಲ್ಲಿ ಉಣ್ಣೆ ಕತ್ತರಿಸಿದರೋ ಅದೇ ಅದರ ಹಟ್ಟಿ.

"ನೀ ಮೊದಲು ಬಂದು ಮಾಳಿಗಿ ಹಸನ ಮಾಡು. ತಾಯಿ ಮಗಳು ಒಂದು ತಿಂಗಳು ಅಲ್ಲೇ ಇರ್ಲಿ. ಹುಡುಗಿ ಸುಮ್ಮ ಯಾಕ ಕುಂದ್ರಬೇಕು? ಅಲ್ಲೀ ಸಾಲಿಗೇ ಹೋಗ್ಲಿ. ವರ್ಷದ ಕೊನಿ ಪರೀಕ್ಷಾ ಎಲ್ಲಿ ಕೊಡ್ತಾಳೋ ಮೂರನೇದು ಅಲ್ಲೀ ಲೆಕ್ಕ."

ಆ ಮಾತು ಎಲ್ಲರಿಗೂ ಸರಿ ಕಂಡಿತು. ಅದು ತಪ್ಪು ಎಂದು ಹೇಳುವವರು ಆ ಬೇವಿನ ಕೆಳಗೆ ಯಾರೂ ಇರಲಿಲ್ಲ.

ಹಾಗೆ ಸ್ವರೂಪಾ ಆ ಜೂನ್ ಪೂರ್ತಿ ಜಹೀರಾಬಾದಿನಲ್ಲೇ ಮೂರನೆಯ ತರಗತಿಗೆ ಹೋದಳು. ಜುಲೈ ಮೊದಲ ವಾರ ಸಾಮಾನು ಕಟ್ಟಿ ಹಳ್ಳಿಗೆ ಬಂದರು. ಹಳ್ಳಿಯ ಹಿರಿಯ ಮೇಷ್ಟರು ಒಳ್ಳೆಯವರು. ಟಿಸಿ ಇಸಿದುಕೊಂಡು ಹೆಸರು ಬರೆದುಕೊಂಡರು. ಭೀಮೇಶ ಹೇಳಿದ್ದು ಸುಳ್ಳಾಗಲಿಲ್ಲ, ಆಟೋಗೆ ಇಲ್ಲಿ ಜನ ಸಿಗಲಿಲ್ಲ. ಮೂರು ತಿಂಗಳಿಗೆ ಅದನ್ನು ಮಾರಿ ತಾಂಡೂರಿನಿಂದ ಹಾಸುಗಲ್ಲು ಸಾಗಿಸುವ ಲಾರಿಗೆ ಡ್ರೈವರ್ ಆದ. ಐದು ದಿನಕ್ಕೊಮ್ಮೆ ಮೈತುಂಬ ಕಲ್ಲಿನ ಧೂಳು ಹೊತ್ತು ಮನೆಗೆ ಬರುತ್ತಿದ್ದ.

ಆಗಸ್ಟ್‌ನಲ್ಲಿ ಹಿರಿಯ ಮೇಷ್ಟರಿಗೆ ನಾರಾಯಣಖೇಡದ ಕಡೆ ವರ್ಗವಾಗಿ, ಅವರ ಜಾಗಕ್ಕೆ ಪ್ರೇಮಲಾ ಟೀಚರಮ್ಮ ಬಂದರು. ಜಹೀರಾಬಾದಿನ ಲಿಂಗವಂತರ ಮನೆಯವರು, ಮನೆಮಾತು ಕನ್ನಡ. ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ನಡೆದರೂ ಮಗುವಿಗೆ ತಿಳಿಯದಿದ್ದರೆ ಕನ್ನಡದಲ್ಲಿ ಹೇಳುತ್ತಿದ್ದರು. ಇಡೀ ತರಗತಿಗೆ ಹನ್ನೊಂದು ಮಕ್ಕಳು. ದಸರೆಯ ಹೊತ್ತಿಗೆ ಸ್ವರೂಪಾ ಕೂಡಿಸಿ ಓದತೊಡಗಿದಳು. ಸಂಕ್ರಾಂತಿಗೆ ಬಸ್ಸಿನ ಬೋರ್ಡು, ಬಿಸ್ಕತ್ತಿನ ಪುಡಿಕೆ, ಕುರಿ ಔಷಧದ ಬಾಟಲಿ ಯಾವುದನ್ನೂ ಬಿಡದೆ ಓದಿದಳು. "ಮುತ್ಯಾ, ಇದರ ತಾರೀಖು ಮುಗದದ, ಕುರಿಗೆ ಹಾಕಬ್ಯಾಡ," ಎಂದು ಒಮ್ಮೆ ಕಾಶಪ್ಪನ ಕೈಯಿಂದ ಬಾಟಲಿ ಕಸಿದಿದ್ದಳು. ಸೊಸೆಯ ಹಟ ಗೆದ್ದಿತು ಎಂದು ಕಾಶಪ್ಪ ಒಳಗೊಳಗೇ ಹಿಗ್ಗಿದ್ದ.

ಎರಡು ವರ್ಷ ದಾಟಿ ಹುಡುಗಿ ಐದಕ್ಕೆ ಬಂದಳು. ಜುಲೈನಲ್ಲಿ ಪರೀಕ್ಷೆಯ ಅರ್ಜಿ ಬಂತು. ಅದರ ಜೊತೆಗೆ ಮಗು ಎಲ್ಲೆಲ್ಲಿ ಓದಿತು ಎಂದು ಶಾಲೆಯವರು ಬರೆದುಕೊಡಬೇಕಿತ್ತು. ಸಹಿ ಮಾಡಿಸಲು ಹೋದ ಪೂರ್ಣಿಮಾ ಮಧ್ಯಾಹ್ನ ಮನೆಗೆ ಬಂದಾಗ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಕುಸಿದು ಕುಳಿತಳು.

"ಏನಾತವ್ವ?"

"ಒಂದು ದಿನ ಮಾವ. ಮೂರನೇದ್ರಾಗ ಒಂದು ದಿನ ಪಟ್ಣದ ಸಾಲ್ಯಾಗ ಕುಂತ್ರೂ ಪಟ್ಣದ ಲೆಕ್ಕ ಅಂತ. ಕಾಗದದಾಗ ಹಂಗೇ ಬರದದ. ನಮ್ಮಾಕಿ ಇಡೀ ತಿಂಗಳು ಕುಂತಾಳ."

"ಟೀಚರಮ್ಮಗ ಗೊತ್ತದೇನು?"

ಗೊತ್ತಿರಲಿಲ್ಲ. ಟಿಸಿಯಲ್ಲಿ ಎರಡನೆಯದು ಪಾಸು ಎಂದಷ್ಟೇ ಇತ್ತು. ತಾರೀಖಿನ ಮೇಲೆ ಮಳೆನೀರು ಬಿದ್ದು ಶಾಯಿ ಹರಡಿತ್ತು. ಆ ಜೂನ್‌ನ ಹಾಜರಿ ಪುಸ್ತಕವನ್ನೂ ದಾಖಲಾತಿ ಪುಸ್ತಕವನ್ನೂ ಗೆದ್ದಲು ತಿಂದಿತ್ತು. ನಾರಾಯಣಖೇಡಕ್ಕೆ ಫೋನ್ ಮಾಡಿದರೆ ಹಿರಿಯ ಮೇಷ್ಟರು ನೆನಪಿಲ್ಲ ಎಂದಿದ್ದರು. ಹುಡುಗಿ ಮೊದಲ ದಿನದಿಂದ ಇಲ್ಲೇ ಇದ್ದಳೇ ಎಂದು ಟೀಚರಮ್ಮ ಕೇಳಿದಾಗ ಪೂರ್ಣಿಮಾ ಸೆರಗಿನ ಅಂಚು ತಿರುವುತ್ತ ನಿಂತಿದ್ದಳು. ಅದಕ್ಕೆ ಅವರು, "ಹೋಗ್ಲಿಬಿಡವ್ವ. ನಾಳೆ ಕಾಶಪ್ಪ ಮುತ್ಯಾಗ ಕಳ್ಸು. ಅವರು ಒಂದು ಮಾತು ಹೇಳಿದ್ರ ನನಗ ಸಾಕು, ಬರೀತೀನಿ," ಎಂದಿದ್ದರು.

ಅವರು ಹಾಗೆ ಅನ್ನಲು ಕಾರಣವಿತ್ತು. ಕಾಶಪ್ಪನ ನಡುವಿನಲ್ಲಿ ಕುಲದೇವರು ಬೀರಪ್ಪನ ಭಂಡಾರದ ಚೀಲ ಸದಾ ಇರುತ್ತಿತ್ತು. ಹೊಲದ ಬದುವಿಗೋ ಕಳೆದ ಕುರಿಗೋ ಊರಲ್ಲಿ ಜಗಳ ಬಿದ್ದರೆ, ಅವನು ಆ ಅರಿಶಿನಪುಡಿ ಅಂಗೈಯಲ್ಲಿ ಹಿಡಿದು ತನಗೆ ನೆನಪಿದ್ದದ್ದನ್ನು ಹೇಳುತ್ತಿದ್ದ. ಭಂಡಾರ ಕಟ್ಟಿದವನು ಸುಳ್ಳಾಡುವಂತಿಲ್ಲ; ಎರಡೂ ಕಡೆಯವರು ಅದನ್ನೊಪ್ಪಿ ಎದ್ದು ಮನೆಗೆ ಹೋಗುತ್ತಿದ್ದರು. ಹಿಂದಿನ ವರ್ಷ ಶಾಲೆಯ ಅಂಗಳದ ಗಡಿಯ ವಿಷಯದಲ್ಲಿ ಅಮೃತಬಾಯಿಯ ಸ್ವಂತ ತಮ್ಮ ಪೋಚಪ್ಪನ ವಿರುದ್ಧವೇ ಹೇಳಿದ್ದ. ಪೋಚಪ್ಪ ಇಂದಿಗೂ ಅವರ ಮನೆಯ ಹೊಸ್ತಿಲು ತುಳಿದಿಲ್ಲ.

"ಇಲ್ಲೇ ಇದ್ದಳು ಅನ್ರಿ ಮಾವ. ಒಂದೇ ಮಾತು." ಪೂರ್ಣಿಮಾ ಅಳುತ್ತ ಅವನ ಪಾದ ಹಿಡಿದಳು. "ನಾಡಿದ್ದಿಗೆ ಅರ್ಜಿ ಮುಗೀತದ."

"ಹಂಗ ಅನ್ನಾಕ ಬರಂಗಿಲ್ಲವ್ವ."

ಅವಳು ಕೈ ತೆಗೆದಳು. ಅಳು ನಿಂತಿತು. "ಆ ತಿಂಗಳು ಪಟ್ಣದಾಗೇ ಇರ್ರಿ ಅಂದವರು ನೀವ," ಎಂದಳು. ಅಷ್ಟು ವರ್ಷದಲ್ಲಿ ಅವಳು ಮಾವನಿಗೆ ಎದುರಾಡಿದ್ದು ಅದೇ ಮೊದಲು.

ಕಾಶಪ್ಪ ಆ ದಿನ ಊಟ ಮಾಡಲಿಲ್ಲ. ಮಗನ ಆಟೋ ಹೋದದ್ದು, ಅವನ ಕೆಮ್ಮು, ಸೊಸೆ ಗುಂಡಿ ಹಚ್ಚಿ ಹಚ್ಚಿ ಕಣ್ಣು ಕಿರಿದು ಮಾಡಿ ನೋಡುವುದು ಒಂದೊಂದೇ ಮುಂದೆ ಬಂದು ನಿಂತವು. ಯಾರೂ ತಪ್ಪು ಮಾಡಿರಲಿಲ್ಲ, ತಾನೊಬ್ಬನನ್ನು ಬಿಟ್ಟು. ತಿಳಿಯದ ವಿಷಯಕ್ಕೆ ತಿಳಿದವನ ಹಾಗೆ ಬಾಯಿ ಹಾಕಿದ್ದ.

ಬೆಳಿಗ್ಗೆ ಸ್ನಾನ ಮಾಡಿ ಧೋತರ ಉಟ್ಟ. ಭಂಡಾರದ ಚೀಲವನ್ನು ನಡುವಿನಿಂದ ಬಿಚ್ಚಿ ದೇವರ ಗೂಡಿನಲ್ಲಿ ಇಟ್ಟ. ಅಮೃತಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಯಾಕ ಬಿಚ್ಚಿದ್ರಿ?"

"ಇವತ್ತ ಅದು ನನ್ನ ಕೂಡ ಬರೋದು ಬ್ಯಾಡ."

ನಲವತ್ತೈದು ವರ್ಷ ಕೂಡಿ ಬಾಳಿದವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. "ನನ್ನ ತಮ್ಮನ ಸಲುವಾಗಿ ಬಿಚ್ಚಲಿಲ್ಲ ನೀವು," ಎಂದಳು. ಕೈಯ ಹಿಟ್ಟು ಒರೆಸಿಕೊಳ್ಳುತ್ತ, "ಮತ್ತ ಕಟ್ಟಾಕ ಬರ್ತದೇನು?" ಎಂದಳು.

"ಬರಂಗಿಲ್ಲ."

ಅವಳು ಒಲೆಯ ಕಡೆ ತಿರುಗಿದಳು. ಹಂಚಿನ ಮೇಲಿದ್ದ ರೊಟ್ಟಿ ಸೀದಿತ್ತು.

ಶಾಲೆಯಲ್ಲಿ ಟೀಚರಮ್ಮ ಕುರ್ಚಿ ಎಳೆದು ಕೊಟ್ಟರು. ಕಾಶಪ್ಪ ನಿಂತೇ ಇದ್ದ. ಪೂರ್ಣಿಮಾ ಬಾಗಿಲ ಬಳಿ ನಿಂತಳು. ಅರ್ಜಿಗೆ ಹುಡುಗಿಯ ಸಹಿಯೂ ಬೇಕೆಂದು ಸ್ವರೂಪಾಳನ್ನು ತರಗತಿಯಿಂದ ಕರೆಸಿದ್ದರು. ಅವಳು ಮೇಜಿನ ಪಕ್ಕ ಕೈಕಟ್ಟಿ ನಿಂತಿದ್ದಳು.

"ಒಂದೇ ಮಾತು ಮುತ್ಯಾ. ನಿಮ್ಮ ಹುಡುಗಿ ಮೂರನೇದಕ್ಕ ಮೊದಲ ದಿನದಿಂದ ಇಲ್ಲೇ ಇದ್ದಳೇನ್ರಿ?"

"ಇದ್ದಳು."

"ಜೂನ್‌ದಿಂದ?"

"ಜೂನ್‌ದಿಂದ. ಇಲ್ಲೇ."

ಅವನ ದನಿ ಅವನಿಗೇ ಬೇರೆ ಯಾರದೋ ಅನ್ನಿಸಿತು. ಟೀಚರಮ್ಮ ಪೆನ್ನು ತೆಗೆದು ಬರೆಯತೊಡಗಿದರು. ಬಾಗಿಲ ಕಡೆಯಿಂದ ಪೂರ್ಣಿಮಾ ಉಸಿರು ಬಿಟ್ಟದ್ದು ಕೇಳಿತು.

"ಮುತ್ಯಾಗ ಮರ್ತದ ಟೀಚರ್," ಎಂದಳು ಸ್ವರೂಪಾ.

ಅಜ್ಜನಿಗೆ ಮುಜುಗರವಾಗಬಾರದೆಂದು ಅವನ ಕಡೆ ತಿರುಗಿ ಮೆಲ್ಲಗೆ ಹೇಳಿದಳು, "ಆವಾಗ ನಾ ಜಹೀರಾಬಾದದಾಗ ಇದ್ದೆ ಮುತ್ಯಾ. ಮಳಿ ಬಂದು ಖೋಲಿ ಸೋರ್ತಿತ್ತಲ್ಲ, ಎಲ್ಲಾರೂ ತಲಿ ಮ್ಯಾಲ ದಫ್ತರದ ಚೀಲ ಇಟ್ಕೊಂಡು ಕುಂತಿದ್ವಿ. ನೀ ಒಂದಿನ ಕರಿಯಾಕ ಬಂದಿದ್ದಿ, ನನಗ ಜಿಲೇಬಿ ಕೊಡ್ಸಿದ್ದಿ. ನೆನಪಾತೇನು?"

ಪೆನ್ನು ನಿಂತಿತು.

ಪೂರ್ಣಿಮಾ ಎರಡು ಹೆಜ್ಜೆಯಲ್ಲಿ ಒಳಗೆ ಬಂದು ಮಗಳ ಕೆನ್ನೆಗೆ ಬಾರಿಸಿದಳು. ಹುಡುಗಿ ಅಳಲೂ ಇಲ್ಲ, ಸುಮ್ಮನೆ ತಾಯಿಯ ಮುಖ ನೋಡಿದಳು. ಎರಡನೆಯ ಸಲ ಎತ್ತಿದ ಕೈಯನ್ನು ಕಾಶಪ್ಪ ಹಿಡಿದ.

"ಅಕಿಗ್ಯಾಕ ಹೊಡೀತೀಯವ್ವ? ಸುಳ್ಳು ಹೇಳಿದಾವ ನಾ. ನನಗ ಹೊಡಿ."

ಪೂರ್ಣಿಮಾ ಅಲ್ಲೇ ನೆಲಕ್ಕೆ ಕುಳಿತು ಮಗಳ ಕಾಲು ಅಪ್ಪಿ ಹಿಡಿದು ಅತ್ತಳು. ಕಾಶಪ್ಪ ಟೀಚರಮ್ಮನಿಗೆ ಎಲ್ಲವನ್ನೂ ಹೇಳಿದ. ಬೇವಿನ ಕೆಳಗಿನ ಮಾತು, ತನ್ನ ಸಲಹೆ, ಜುಲೈಯಲ್ಲಿ ಬಂದದ್ದು. ಅವರು ತಲೆ ತಗ್ಗಿಸಿ ಕೇಳಿದರು.

"ನಾ ಕೇಳಬಾರದಿತ್ತು ಮುತ್ಯಾ," ಎಂದರು ಕೊನೆಗೆ. "ಈಗ ತಿಳೀತು. ತಿಳಿದ ಮ್ಯಾಲ ಬರಿಯಾಕ ನನ್ನ ಕೈ ಬರಂಗಿಲ್ಲ."

"ಬರೀಬ್ಯಾಡ್ರಿ. ಖರೇನ ಬರೀರಿ. ಪರೀಕ್ಷಾನಾದ್ರೂ ಕೊಡಾಕ ಬರ್ತದೇನ್ರಿ?"

"ಬರ್ತದ. ಪಟ್ಣದ ಪಾಲಿನಾಗ." ಟೀಚರಮ್ಮ ಮಾತು ಮುಚ್ಚಿಡಲಿಲ್ಲ. "ಅವು ಸ್ವಲ್ಪೇ ಸೀಟು. ಸಂಗಾರೆಡ್ಡಿ, ಜಹೀರಾಬಾದದಾಗ ವರ್ಷಾನುಗಟ್ಟಲೆ ಟ್ಯೂಷನ್‌ಗೆ ಹೋದ ಹುಡುಗ್ರೆಲ್ಲಾ ಅಲ್ಲೇ ಬಂದು ಕುಂದ್ರತಾರ. ನಾ ಓದಸ್ತೀನಿ, ಬಿಡಂಗಿಲ್ಲ. ಆದ್ರ ಆಗ್ತದ ಅಂತ ಹ್ಯಾಂಗ ಹೇಳ್ಲಿ?"

ಪಟ್ಟಣ ಎಂಬ ಚೌಕದಲ್ಲಿ ಗುರುತು ಹಾಕಿದರು. ಸ್ವರೂಪಾ ಸಹಿ ಮಾಡಿದಳು. ಪೂರ್ಣಿಮಾ ಸೆರಗಿನಿಂದ ಕಣ್ಣೊರೆಸಿ ತಾನೂ ಮಾಡಿದಳು. ಎರಡು ವರ್ಷ, ಒಂದು ಆಟೋ, ಒಂದು ಮನೆ ಬಿಟ್ಟು ಬಂದದ್ದು, ಎಲ್ಲ ಆ ಒಂದು ಗುರುತಿನಲ್ಲಿ ಮುಗಿಯಿತು.

ಅಂಗಳದಲ್ಲಿ ಸ್ವರೂಪಾ ಓಡಿಬಂದು ಅಜ್ಜನ ಧೋತರ ಹಿಡಿದಳು. ಕೆನ್ನೆಯ ಮೇಲೆ ಬೆರಳು ಮೂಡಿದ್ದವು. "ಮುತ್ಯಾ, ನಾ ತಪ್ಪು ಹೇಳಿದೆನೇನು?"

"ಇಲ್ಲವ್ವ. ಬರಾಬರ್ ಹೇಳಿದಿ. ಹೋಗು, ಒಳಗ ಹೋಗು."

ಗೇಟು ದಾಟುವಷ್ಟರಲ್ಲಿ ಪೂರ್ಣಿಮಾಳ ಫೋನ್ ಬಡಿಯಿತು. ಭೀಮೇಶ. ತಾಂಡೂರಿನಲ್ಲಿ ಕಲ್ಲು ತುಂಬಿಸುತ್ತ ಬೆಳಗಿನಿಂದ ಕಾಯುತ್ತಿದ್ದನೇನೋ. ಅವಳು ಫೋನನ್ನೇ ನೋಡುತ್ತ ನಿಂತಳು, ಎತ್ತಲಿಲ್ಲ. ಅದು ನಿಂತು, ಮತ್ತೆ ಬಡಿಯಿತು.

"ನನಗ ಏನನ್ನಾಕ ಬರಂಗಿಲ್ಲ ಮಾವ," ಎಂದಳು.

ಕಾಶಪ್ಪ ಕೈ ಚಾಚಿದ. ಅವನಿಗೆ ಫೋನ್ ಎತ್ತುವುದು ಗೊತ್ತಿರಲಿಲ್ಲ. ಅವಳೇ ಒತ್ತಿ ಅವನ ಕಿವಿಗೆ ಹಿಡಿದಳು. ಆ ಕಡೆ ಕಲ್ಲಿನ ಮೇಲೆ ಕಲ್ಲು ಬೀಳುವ ಸದ್ದು, ಅದರ ನಡುವೆ ಮಗನ ಕೂಗು: "ಏನಾತು? ಸಹಿ ಆತೇನು?"

"ಭೀಮೇಶ, ನಾ ನಿನ್ನ ಅಪ್ಪ. ಆಗಿಲ್ಲಪ್ಪ. ಹಳ್ಳಿ ಪಾಲು ಸಿಗಂಗಿಲ್ಲ."

ಆ ಕಡೆ ಮತ್ತೊಂದು ಕಲ್ಲು ಬಿದ್ದ ಸದ್ದು.

"ನಿನ್ನ ಹೆಂಡ್ತಿದು ತಪ್ಪಿಲ್ಲ, ಹುಡುಗಿದೂ ಇಲ್ಲ. ಅವರಿಗೆ ಏನೂ ಅನಬ್ಯಾಡ. ಫೋನ್ ಇಡಬ್ಯಾಡ ಮಗನ, ಎಲ್ಲಾ ಹೇಳ್ತೀನಿ."

ಭೀಮೇಶ ಕೆಮ್ಮಿದ. "ಹೇಳಪ್ಪಾ," ಎಂದ.

ಕಾಶಪ್ಪ ಶಾಲೆಯ ಗೋಡೆಗೆ ಒಂದು ಕೈ ಕೊಟ್ಟು ನಿಂತು ಹೇಳತೊಡಗಿದ.