ಕಾಲು ಮೈಲಿಯ ಜಂಬಪ್ಪ

ಆದೋನಿಯ ಹತ್ತಿ ಮಿಲ್ಲಿನಲ್ಲಿ ಎಂಜಿನ್ ಫಿಟ್ಟರಾಗಿದ್ದ ಜಂಬಪ್ಪ, ೧೯೫೪ರಲ್ಲಿ ಮಿಲಿಟರಿ ಹರಾಜಿನಿಂದ ಹಳೆಯ ಮೋಟಾರ್ ಸೈಕಲ್ ಒಂದನ್ನು ಮನೆಗೆ ತಳ್ಳಿಕೊಂಡು ಬಂದ. ಆರು ತಿಂಗಳು ಬಿಚ್ಚಿ ಕಟ್ಟಿದ. ಮಡ್‌ಗಾರ್ಡು, ದೀಪ, ಹಾರ್ನು, ಓಡಲು ಬೇಡವಾದದ್ದೆಲ್ಲ ಮೂಲೆ ಸೇರಿತು. ಆಸ್ಪರಿ ರಸ್ತೆಯಲ್ಲಿ ಒಬ್ಬ ಕಂಟ್ರಾಕ್ಟರನ ಹೊಸ ಗಾಡಿಯನ್ನೇ ಹಿಂದೆ ಹಾಕಿದ ದಿನ ಅವನಿಗೆ ರುಚಿ ಹತ್ತಿತು.

ಮದ್ರಾಸಿನ ಹತ್ತಿರ, ಯುದ್ಧಕಾಲದ ಪಾಳು ವಿಮಾನ ಪಟ್ಟಿಯ ಮೇಲೆ ವರ್ಷಕ್ಕೊಮ್ಮೆ ಹವ್ಯಾಸಿಗಳ ಪಂದ್ಯ ನಡೆಯುತ್ತಿತ್ತು. ಒಂದು ಸಲಕ್ಕೆ ಎರಡೇ ಗಾಡಿ, ನಿಂತಲ್ಲಿಂದ ನೇರ ಕಾಲು ಮೈಲಿ. ಮುಂದಿನ ವರ್ಷ ಜಂಬಪ್ಪ ಗಾಡಿಯನ್ನು ರೈಲಿನ ಲಗೇಜ್ ಡಬ್ಬಿಗೆ ಹಾಕಿ, ಹೆಂಡತಿ ಅಂಬಮ್ಮನೊಂದಿಗೆ ಹೋದ. ಮೊದಲ ಸುತ್ತಿನಲ್ಲೇ ಸೋತ.

“ಇಂಜಿನ್ ಅಳಾಕ ಹತ್ತಿದ ಮ್ಯಾಲ ಗೇರ್ ಹಾಕ್ತೀರಿ. ಅಲ್ಲೇ ಹೊತ್ತು ಹೋಗ್ತೈತಿ,” ಎಂದಳು ಅಂಬಮ್ಮ.

“ನಿನಗೇನ್ ಗೊತ್ತೈತಿ?”

ಅವಳೂ ಅದೇ ಮಿಲ್ಲಿನಲ್ಲಿ ಹತ್ತಿ ಬಿಡಿಸುವ ಯಂತ್ರಕ್ಕೆ ಹತ್ತಿ ಹಾಕುವವಳು. “ಹದಿನಾರು ಮಷೀನಿನ ಸಪ್ಪಳದಾಗ ಯಾವ್ದರ ಪಟ್ಟಾ ಸಡ್ಲ ಆಗೈತಿ ಅಂತ ಹೇಳ್ತೀನಿ. ನಿಮ್ದು ಒಂದೇ ಗಾಡಿ.”

ಆ ವರ್ಷವಿಡೀ ಪ್ರತಿ ಭಾನುವಾರ ಅಂಬಮ್ಮ ಕಚ್ಚೆ ಬಿಗಿದು ಅವನ ಹಿಂದೆ ಕುಳಿತಳು. ಅವಳು ಬೆನ್ನು ತಟ್ಟಿದಾಗಲೇ ಅವನು ಗೇರ್ ಬದಲಿಸಬೇಕು. ಶೇಂಗಾ ಹೊಲದ ಆಳುಗಳು ಸೊಂಟ ನೆಟ್ಟಗೆ ಮಾಡಿ ನೋಡುತ್ತಿದ್ದರು. ಕ್ರಮೇಣ ಅವಳು ತಟ್ಟುವ ಮೊದಲೇ ಅವನ ಕಾಲು ತಾನಾಗಿ ಆಡತೊಡಗಿತು.

೧೯೫೬ರಲ್ಲಿ ಜಂಬಪ್ಪ ಗೆದ್ದ. ಮರುವರ್ಷವೂ ಗೆದ್ದ. ಮಿಲ್ಲಿನವರು ಸ್ಟೇಷನ್ನಿನಿಂದ ಗಾಡಿಯನ್ನೇ ಹೆಗಲ ಮೇಲೆ ಹೊತ್ತು ತಂದರು.

ಮೂರನೆಯ ವರ್ಷದ ಫೈನಲ್ಲಿಗೆ ಎದುರಾಳಿ ಮದ್ರಾಸಿನ ಶ್ರೀರಾಮುಲು. ಅವನದು ಹಡಗಿನಿಂದ ಆಗತಾನೆ ಇಳಿದ ಗಾಡಿ. ಪಂದ್ಯಕ್ಕೆ ಹತ್ತು ನಿಮಿಷವಿರುವಾಗ ಜಂಬಪ್ಪನ ಕ್ಲಚ್ ವಯರು ಹರಿಯಿತು. ಅವನು ತುಂಡು ಹಿಡಿದು ನಿಂತದ್ದನ್ನು ಕಂಡು ಶ್ರೀರಾಮುಲು ತನ್ನ ಪೆಟ್ಟಿಗೆಯಿಂದ ಒಂದು ವಯರು ತಂದ. “ತೀಸ್ಕೋ ಅಣ್ಣಾ,” ಎಂದು ಅವನ ಕೈಗೆ ಕೊಟ್ಟ. ಎದುರಿಗೆ ಯಾರೂ ಇಲ್ಲದೆ ಗೆಲ್ಲುವುದಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ತೆಲುಗಿನಲ್ಲೇ ಹೇಳಿ ನಕ್ಕ.

ಆ ವಯರು ಬೇಕಾದದ್ದಕ್ಕಿಂತ ಎರಡು ಅಂಗುಲ ಹೆಚ್ಚು ಉದ್ದವಿತ್ತು. ಎಷ್ಟು ಬಿಗಿದರೂ ಕ್ಲಚ್ ಪೂರ್ತಿ ಬಿಡುತ್ತಿರಲಿಲ್ಲ. ಓಟ ಶುರುಮಾಡುವ ಬಾವುಟ ಇಳಿಯುವ ಮೊದಲೇ ಗಾಡಿ ಮುಂದಕ್ಕೆ ಜಗ್ಗುತ್ತಿತ್ತು. ಜಂಬಪ್ಪ ಬ್ರೇಕ್ ಒತ್ತಿ ಹಿಡಿದ.

ಬಾವುಟ ಇಳಿಯಿತು. ಶ್ರೀರಾಮುಲು ಬಾಣದಂತೆ ಹೊರಟ. ಜಂಬಪ್ಪ ಒಂದು ಗಾಡಿಯಷ್ಟು ಹಿಂದೆ. ಕ್ಲಚ್ಚಿನ ಆಸೆ ಬಿಟ್ಟು ಸಪ್ಪಳವೊಂದನ್ನೇ ಕೇಳಿದ. ಎಂಜಿನ್ ಏರಿ, ಅಳುವುದಕ್ಕೆ ಮೊದಲು ಆಕ್ಸಿಲರೇಟರಿನ ಕೈ ಸಡಿಲಿಸಿ ಗೇರ್ ಒತ್ತಿದ. ಬಿತ್ತು. ಮತ್ತೊಮ್ಮೆ ಒತ್ತಿದ. ಬಿತ್ತು. ಬಿಸಿಗಾಳಿಗೆ ಕಣ್ಣೀರು ಕಿವಿಯತ್ತ ಹರಿಯಿತು. ಪಕ್ಕದಲ್ಲಿ ಶ್ರೀರಾಮುಲುವಿನ ಮೊಣಕಾಲು ಕಂಡಿತು, ಆಮೇಲೆ ಮುಂದಿನ ಚಕ್ರ, ಆಮೇಲೆ ಏನೂ ಕಾಣಲಿಲ್ಲ.

ಅರ್ಧ ಚಕ್ರದಷ್ಟರಲ್ಲಿ ಗೆದ್ದಿದ್ದ. ಗಾಡಿ ನಿಲ್ಲಿಸಲು ಆಗದೆ ಪಟ್ಟಿಯಾಚೆ ಹುಲ್ಲಿನೊಳಗೆ ಹೋಗಿ ಬಿದ್ದು, ಬಿದ್ದಲ್ಲೇ ನಗುತ್ತಿದ್ದ. ಓಡಿಬಂದ ಅಂಬಮ್ಮ ಮೊದಲು ಅವನ ಕೈಕಾಲು ಮುಟ್ಟಿ ನೋಡಿ, “ಎರಡನೇ ಗೇರ್ ಚೂರು ತಡಾ ಆತು,” ಎಂದಳು.

೧೯೫೯ರಲ್ಲಿ ಶ್ರೀರಾಮುಲು ಮೂರು ಗಾಡಿಯಷ್ಟು ಅಂತರದಲ್ಲಿ ಗೆದ್ದ. ಜಂಬಪ್ಪ ಹೆಲ್ಮೆಟ್ ತೆಗೆಯುವ ಮೊದಲೇ ಅವನ ಬಳಿ ಹೋಗಿ, “ಒಳಗ ಏನ್ ಮಾಡೀಯಪ್ಪಾ? ಬಿಚ್ಚಿ ತೋರ್ಸು,” ಎಂದ. ಇಬ್ಬರೂ ಕುಕ್ಕರಗಾಲಲ್ಲಿ ಕುಳಿತು ಆ ಎಂಜಿನ್ನನ್ನು ಬೋಲ್ಟು ಬೋಲ್ಟಾಗಿ ಬಿಚ್ಚತೊಡಗಿದರು. ಊರಿನ ರೈಲು ಹೊರಡುವ ಹೊತ್ತಾಗಿದ್ದರೂ, ಬೇಗ ಏಳಿ ಎನ್ನಲು ಬಂದ ಅಂಬಮ್ಮ ತಾನೂ ಅವರ ಪಕ್ಕ ಕುಳಿತಳು.