ಒಬ್ಬ ಅಸ್ಲಾಕ್, ಮೂರು ವೇಷ

ಸಂದರ್ಶನ ಮಾಡುವುದು ನನ್ನ ಕಸುಬು. ಕರೆಂಟು ಹೋದರೆ, ನೀರು ನಿಂತರೆ, ಹಡಗು ಬಾರದಿದ್ದರೆ ಒಂದು ಊರು ಎಷ್ಟು ಹೊತ್ತು ತಡೆದುಕೊಂಡೀತು ಎಂದು ಅಂಕಿಗಳಲ್ಲಿ ಅಳೆಯುವವರು ಬೇರೆ ಇದ್ದಾರೆ. ನಾನು ಜನರೆದುರು ಕೂತು, ಅವರು ಕೊಟ್ಟ ಕಾಫಿ ಕುಡಿದು, ಹೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಂಡು, ಸಾಲುಸಾಲಿಗೂ ಗುರುತು ಹಾಕುವವಳು. ಇಪ್ಪತ್ತು ವರ್ಷ ಇದನ್ನೇ ಮಾಡಿದ್ದೇನೆ. ನನಗೆ ಕೇಳಿಸಿಕೊಳ್ಳಲು ಬರುತ್ತದೆ ಎಂಬ ಜಂಬ ಬೇಕಾದಷ್ಟಿತ್ತು. ಅದು ಇಳಿದದ್ದು ಹೋದ ಜನವರಿಯಲ್ಲಿ.

ನಮ್ಮದು ನಾರ್ವೆಯ ಪಡುವಣ ಕಡಲಿನಲ್ಲಿ ಸಾವಿರದ ನಾನೂರು ಜನರ ದ್ವೀಪ. ಕರೆಂಟು ಬರುವುದು ಸಮುದ್ರದಡಿಯ ಒಂದೇ ಕೇಬಲಿನಲ್ಲಿ. ಅದು ಕೈಕೊಟ್ಟರೆ ಏನು ಗತಿ ಎಂದು ತಿಳಿದು ಹೇಳುವ ಕೆಲಸವನ್ನು ಪುರಸಭೆ ನನಗೆ ವಹಿಸಿತು. ಒಂದು ವರ್ಷ ಅಲೆದು ಹನ್ನೊಂದು ಜನರನ್ನು ಮಾತಾಡಿಸಿದೆ. ನೀರಿನ ಪಂಪು ನೋಡಿಕೊಳ್ಳುವವನು, ಫೋನಿನ ಟವರಿನವನು, ಆರೈಕೆ ಮನೆಯ ಮುಖ್ಯಸ್ಥೆ ಹೆರ್ದಿಸ್, ಹೀಗೆ ಹೊಣೆ ಹೊತ್ತವರನ್ನೆಲ್ಲ. ಕರೆಂಟು ಹೋದರೆ ಏನು ಮಾಡುತ್ತೀರಿ ಎಂದರೆ ಮೂರು ಕಡೆಯವರದೂ ಒಂದೇ ಉತ್ತರ. ಅಸ್ಲಾಕ್ ಇದ್ದಾನಲ್ಲ, ಟ್ರ್ಯಾಕ್ಟರಿಗೆ ಜನರೇಟರ್ ಕಟ್ಟಿಕೊಂಡು ಬರುತ್ತಾನೆ.

ನಮ್ಮ ಕಸುಬಿನ ಕಟ್ಟುಪಾಡೇನೆಂದರೆ ಯಾರ ಗುರುತೂ ಸಿಗದಂತೆ ವಾರದೊಳಗೆ ಹೆಸರುಗಳನ್ನೆಲ್ಲ ಅಳಿಸಬೇಕು. ಈ ದ್ವೀಪದಲ್ಲಿ ಟ್ರ್ಯಾಕ್ಟರಿನ ಜನರೇಟರ್ ಎಂದರೆ ಸಾಕು, ಕೂಸಿಗೂ ಗೊತ್ತಾಗುತ್ತದೆ ಯಾರೆಂದು. ಅದಕ್ಕೆ ನಾನು ಬುದ್ಧಿ ಉಪಯೋಗಿಸಿದೆ. ನೀರಿನವನ ಮಾತಿನಲ್ಲಿ ಅವನನ್ನು 'ಸ್ಥಳೀಯ ಗುತ್ತಿಗೆದಾರ' ಮಾಡಿದೆ. ಟವರಿನವನ ಮಾತಿನಲ್ಲಿ 'ಹೊರಗಿನ ಸಹಾಯಕ'. ಹೆರ್ದಿಸ್ ಮಾತಿನಲ್ಲಿ 'ಪರಿಚಯದ ರೈತ'. ಈ ಮೂರು ಮಾತುಕತೆಗಳ ನಡುವೆ ಮೂರು ನಾಲ್ಕು ತಿಂಗಳ ಅಂತರ. ವರದಿ ಬರೆಯಲು ಕೂತಾಗ ನನ್ನ ಮುಂದಿದ್ದದ್ದು ಆ ಕಾಗದಗಳು ಮಾತ್ರ. ಮೂರೂ ಸೇವೆಗಳಿಗೆ ಬೇರೆಬೇರೆ ಬದಲಿ ವ್ಯವಸ್ಥೆ ಇದೆ, ಊರು ಗಟ್ಟಿಯಾಗಿದೆ ಎಂದು ಬರೆದೆ. ನಾನೇ ತೊಡಿಸಿದ ವೇಷಕ್ಕೆ ನಾನೇ ಮೋಸಹೋದೆ. ಅಸ್ಲಾಕ್‌ನನ್ನು ಮಾತಾಡಿಸುವ ಯೋಚನೆಯೂ ಬಂದಿರಲಿಲ್ಲ. ಅವನು ಯಾವ ಸಂಸ್ಥೆಯ ಮುಖ್ಯಸ್ಥನೂ ಅಲ್ಲವಲ್ಲ.

ಆ ವರದಿ ಓದಿಯೇ ಪುರಸಭೆಯವರು ಟ್ರೊಂಡ್‌ಹೈಮ್ ನಗರದ ಆಸ್ಪತ್ರೆಯಲ್ಲಿದ್ದ ನಮ್ಮ ದ್ವೀಪದ ಮೂವರನ್ನು ಆರೈಕೆ ಮನೆಗೆ ಕರೆಸಿಕೊಂಡರು. ಮೂವರೂ ಉಸಿರಾಟದ ಯಂತ್ರದ ಮೇಲೆ ಇದ್ದವರು. ಅವರಲ್ಲೊಬ್ಬ ನನ್ನ ತಮ್ಮ ಇವಾರ್. ಸ್ನಾಯುಗಳು ಸೊರಗುವ ಕಾಯಿಲೆ, ನಲವತ್ತೊಂದು ವರ್ಷ, ನಾಲಿಗೆ ಮಾತ್ರ ಚೂರೂ ಸೊರಗಿಲ್ಲ. ಕಿಟಕಿಯಿಂದ ಕಡಲು ಕಂಡ ದಿನ ಅವನು, ಅಕ್ಕ, ನನ್ನ ಉಸಿರು ಇನ್ಮೇಲೆ ಪುರಸಭೆ ಆಸ್ತಿ, ತೆರಿಗೆ ನೀನೇ ಕಟ್ಟು ಎಂದು ಕಿಚಾಯಿಸಿದ್ದ. ನಾನು ನಕ್ಕಿದ್ದೆ. ನನ್ನ ವರದಿಯಿಂದ ಅವನು ಮನೆಗೆ ಬಂದ ಎಂದು ಒಳಗೊಳಗೇ ಬೀಗಿದ್ದೆ.

ಜನವರಿಯ ಆ ಬೆಳಿಗ್ಗೆ ಬಿರುಗಾಳಿಗೆ ಹಡಗು ನಿಂತಿತು. ಒಂಬತ್ತೂಮುಕ್ಕಾಲಿಗೆ ಕರೆಂಟು ಹೋಯಿತು. ನನಗೆ ಗಾಬರಿಯೇನೂ ಆಗಲಿಲ್ಲ, ಬರೆದವಳೇ ನಾನಲ್ಲವೇ. ಮಧ್ಯಾಹ್ನ ಹನ್ನೆರಡೂವರೆಗೆ ಪುರಸಭೆಯ ಕಟ್ಟಡದ ಕೆಳಗೆ ನೀರಿನವನು ಕಿಟಕಿಗೆ ಅಂಟಿಕೊಂಡು ನಿಂತಿದ್ದ. ಏನಯ್ಯಾ ಎಂದರೆ, ಅಸ್ಲಾಕ್ ದಾರಿ ನೋಡ್ತಿದೀನಿ, ಟವರ್ ಹತ್ತಿರ ಸಿಕ್ಕಿಹಾಕಿಕೊಂಡಿದ್ದಾನಂತೆ ಎಂದ.

ಅವನು ಇನ್ನೂ ಏನೇನೋ ಹೇಳುತ್ತಿದ್ದ, ನನ್ನ ಕಿವಿಯಲ್ಲಿ ಹೆರ್ದಿಸ್ ಮಾತು ಓಡುತ್ತಿತ್ತು. ವರ್ಷದ ಹಿಂದೆ, ಅವಳ ಕೋಣೆಯಲ್ಲಿ, ನನ್ನ ರೆಕಾರ್ಡರಿನ ಮುಂದೆ ಅವಳು ಹೇಳಿದ್ದ ಹೆಸರು. ಅಲ್ಲೇ ನಿಂತು ಅವಳಿಗೆ ಫೋನು ಮಾಡಿದೆ. ಅಸ್ಲಾಕ್‌ಗೆ ಹೇಳಿದ್ದೀಯಾ ಎಂದು ಕೇಳಿದೆ.

"ಹೇಳೋದೇನು? ಹೋದ ವರ್ಷವೇ ಹೂಂ ಅಂದಿದಾನೆ. ಬರ್ತಾನೆ," ಎಂದಳು ಹೆರ್ದಿಸ್. "ಉಸಿರಿನ ಯಂತ್ರಗಳ ಬ್ಯಾಟರಿ ಒಂದೂಮುಕ್ಕಾಲರ ತನಕ ಬರತ್ತೆ."

ಇದು ನಮ್ಮೂರಿನ ರೀತಿ. ಒಮ್ಮೆ ಹೂಂ ಎಂದವನನ್ನು ಎರಡನೇ ಸಲ ಕೇಳುವುದೆಂದರೆ ಅವನ ಮಾತಿನಲ್ಲಿ ನಂಬಿಕೆ ಇಲ್ಲ ಎಂದು ಮುಖದ ಮೇಲೆ ಹೇಳಿದಂತೆ. ಹಾಗಾಗಿ ಅವಳು ಕೇಳಲಿಲ್ಲ. ಎಲ್ಲರೂ ಒಬ್ಬನನ್ನೇ ನಂಬಿ ಮರ್ಯಾದೆಯಿಂದ ಕಾಯುತ್ತಿದ್ದರು.

ಟವರಿನ ಗುಡ್ಡಕ್ಕೆ ಕಾರು ಹತ್ತಿಸುವಾಗ ಗಾಳಿ ಎರಡು ಸಲ ನನ್ನನ್ನು ಚರಂಡಿಯ ಕಡೆ ನೂಕಿತು. ಒಂದೂಮುಕ್ಕಾಲು, ಒಂದೂಮುಕ್ಕಾಲು ಎಂದು ಬಾಯಿ ತಾನಾಗಿ ಅನ್ನುತ್ತಿತ್ತು. ಮೇಲೆ ಅಸ್ಲಾಕ್ ಜನರೇಟರಿಗೆ ಬೆನ್ನು ಕೊಟ್ಟು ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದ. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ನಾನು ಏದುಸಿರಿನಲ್ಲಿ ಎಲ್ಲ ಹೇಳಿದೆ. ಮೂರೂ ಕಡೆಗೆ ಒಪ್ಪಿಕೊಂಡೆಯಲ್ಲ, ನಿನಗೆ ಬುದ್ಧಿ ಬೇಡವಾ ಎಂದು ರೇಗಿದೆ.

"ಬೇರೆಬೇರೆ ವರ್ಷ ಬಂದು ಕೇಳಿದ್ರು. ಒಂದು ಕಡೆ ಹೋದ್ರೆ ಇನ್ನೊಂದು ಕಡೆ ಇರುತ್ತೆ ಅಂದ್ಕೊಂಡೆ," ಎಂದ. "ಎಲ್ಲಾ ಒಟ್ಟಿಗೆ ಹೋದ್ರೆ ಏನ್ಮಾಡ್ತೀಯಾ ಅಂತ ಯಾರೂ ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ, ಗುನ್‌ವೋರ್."

ಆಮೇಲೆ ಮೆಲ್ಲಗೆ ವಿವರಿಸಿದ. ಟವರಿನ ಬ್ಯಾಟರಿ ಆಗಲೇ ಸತ್ತಿದೆ. ಈ ವೈರು ಕಿತ್ತರೆ ಆ ಕ್ಷಣ ಇಡೀ ದ್ವೀಪದ ಫೋನು ಹೋಗುತ್ತದೆ. ತಂತಿಯ ಫೋನುಗಳನ್ನು ಕಿತ್ತು ವರ್ಷಗಳಾದವು. ಡಾಕ್ಟರನ್ನು ಕರೆಯಬೇಕೆಂದರೂ ಯಾರಿಗೂ ದಾರಿ ಇರುವುದಿಲ್ಲ.

"ನೀನು ಓದಿದೋಳು. ನೀನೇ ಹೇಳು, ಕೀಳ್ಲಾ?"

ಆರೈಕೆ ಮನೆಯಲ್ಲಿ ಕೈಯಿಂದ ಒತ್ತಿ ಉಸಿರು ಕೊಡುವ ಚೀಲಗಳಿದ್ದವು. ಹೆರ್ದಿಸ್, ಒಬ್ಬಳು ನರ್ಸ್, ಜೊತೆಗೆ ನಾನು ಹೋಗಿದ್ದರೆ ಮೂವರಿಗೂ ಒಬ್ಬೊಬ್ಬರು ಆಗುತ್ತಿದ್ದೆವು. ಎಷ್ಟು ಗಂಟೆ ಒತ್ತಬೇಕಿತ್ತೋ ಗೊತ್ತಿಲ್ಲ, ಕೈ ಸೋಲುತ್ತಿತ್ತು, ಆದರೂ ಆಗುತ್ತಿತ್ತೇನೋ. ಇದು ನನಗೆ ಆಗಲೇ ಹೊಳೆದಿತ್ತು. ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಕೈ ಸೋತ ಗಳಿಗೆಯಲ್ಲಿ ಇವಾರ್ ನನ್ನ ಮುಖ ನೋಡುತ್ತಿರುತ್ತಾನೆ ಎನಿಸಿತು.

"ಕೀಳು," ಎಂದೆ.

ಅಸ್ಲಾಕ್ ವೈರು ಬಿಚ್ಚಿ ಸುತ್ತುತ್ತ, "ಇದನ್ನೂ ಬರ್ಕೋ. ಈ ಸಲ ಹೆಸರು ಹಾಕೇ ಬರ್ಕೋ," ಎಂದ. ನನ್ನ ಕೈಯಲ್ಲಿದ್ದ ಫೋನಿನ ಸಿಗ್ನಲ್ ಗೆರೆಗಳು ಒಂದೊಂದಾಗಿ ಮಾಯವಾದವು. ಆಗ ಗಂಟೆ ಒಂದು ಹತ್ತು.

ಇವಾರ್ ಬದುಕಿದ, ಉಳಿದಿಬ್ಬರೂ ಬದುಕಿದರು. ಜನರೇಟರ್ ಆರೈಕೆ ಮನೆ ತಲುಪಿದಾಗ ಯಂತ್ರದ ಬ್ಯಾಟರಿಯಲ್ಲಿ ಎಂಟು ನಿಮಿಷ ಉಳಿದಿತ್ತು. ಹೆರ್ದಿಸ್ ಅಸ್ಲಾಕ್‌ನನ್ನು ನೋಡಿ, ನಾನು ಹೇಳಲಿಲ್ಲವಾ ಬರುತ್ತಾನೆಂದು ಎಂಬಂತೆ ನನ್ನ ಕಡೆ ತಿರುಗಿದಳು. ನಾನು ತಮ್ಮನ ಮಂಚದ ಪಕ್ಕ ಕೂತು, ಅವನ ಎದೆ ಏರಿಳಿಯುವುದನ್ನು ನೋಡುತ್ತ, ಸುಮ್ಮನೆ ಮಲಗಿದ್ದ ಫೋನನ್ನು ಗಳಿಗೆಗೊಮ್ಮೆ ನೋಡುತ್ತ ಐದು ಗಂಟೆಯವರೆಗೆ ಕಳೆದೆ. ಐದಕ್ಕೆ ಕರೆಂಟು ಬಂತು.

ಊರು ನನ್ನನ್ನು ಬೈಯಲಿಲ್ಲ. ಬಿರುಗಾಳಿಗೆ ಟವರು ಕೆಟ್ಟಿತು ಎಂದೇ ಎಲ್ಲರೂ ತಿಳಿದರು. ಸಿಕ್ಕದ ಕರೆಗಳ ಲೆಕ್ಕ ಎಲ್ಲೂ ಉಳಿಯುವುದಿಲ್ಲವಂತೆ, ಕಂಪನಿಯವರನ್ನು ಕೇಳಿದೆ. ಅಂದ ಮೇಲೆ ನನಗೆ ಬರುವ ಒಂದೇ ವಿದ್ಯೆ ಉಳಿದಿತ್ತು. ಎರಡು ವಾರ ಬಿಟ್ಟು, ಯಾರೂ ಹೇಳದಿದ್ದರೂ, ಮನೆಮನೆಗೆ ಹೋದೆ. ಆ ಮಧ್ಯಾಹ್ನ ಒಂದು ಹತ್ತರಿಂದ ಐದರವರೆಗೆ ಯಾರಿಗಾದರೂ ಫೋನು ಮಾಡಲು ನೋಡಿದಿರಾ ಎಂದು ಕೇಳಿದೆ. ಒಬ್ಬಳು ತಂಗಿಯ ಜೊತೆ ಹರಟೆಗೆ ಮಾಡಿದ್ದಳು. ಒಬ್ಬ ಹಡಗಿನ ಸಮಯ ತಿಳಿಯಲು. ಪ್ರತಿ ಮನೆಯಿಂದ ಹೊರಬಂದು ಆ ಹೆಸರಿನ ಮುಂದೆ ಗೀಟು ಎಳೆಯುತ್ತಿದ್ದೆ.

ಬಡಗಣ ತುದಿಯ ಬೋರ್ಗಿಲ್ ಅವರ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಬಿರುಗಾಳಿಯ ದಿನ ಅವರ ಗಂಡ ಎದೆನೋವಿನಿಂದ ತೀರಿಕೊಂಡಿದ್ದರು. ಮಣ್ಣಿಗೆ ನಾನೂ ಹೋಗಿದ್ದೆ. ಡಾಕ್ಟರ ಮನೆ ಅಲ್ಲಿಂದ ಕಾರಿನಲ್ಲಿ ಹತ್ತು ನಿಮಿಷ.

ಕಾಫಿ ಬಗ್ಗಿಸಿ, ಬ್ರೆಡ್ಡಿಗೆ ಕಂದು ಚೀಸು ಹೆರೆದು ಮುಂದಿಟ್ಟರು. ನಾನು ಕೇಳುವ ಮೊದಲೇ ಹೇಳಿದರು.

"ಮೂರು ಸಲ ಮಾಡ್ದೆ. ಮೂರನೇ ಸಲ ಮಾಡೋವಾಗ ಅವರಿಗಿನ್ನೂ ಮಾತಿತ್ತು." ಆಮೇಲೆ ನನ್ನ ಕಡೆ ತಿರುಗಿ, "ಬೆಳಿಗ್ಗೆಯೆಲ್ಲ ಫೋನು ಚೆನ್ನಾಗೇ ಇತ್ತು ಕಣೆ. ಮಧ್ಯಾಹ್ನ ಯಾಕೆ ಹೋಯ್ತು? ನೀನು ಎಲ್ಲರನ್ನೂ ಕೇಳ್ಕೊಂಡು ಬಂದಿದೀಯ, ನಿಂಗೇನಾದ್ರೂ ಗೊತ್ತಾಯ್ತಾ?"

ಇಪ್ಪತ್ತು ವರ್ಷದಲ್ಲಿ ನನ್ನನ್ನು ತಿರುಗಿ ಕೇಳಿದವರು ಇವರೊಬ್ಬರೇ.

"ಗೊತ್ತು," ಎಂದೆ. "ಟವರಿನ ವೈರನ್ನ ಅಸ್ಲಾಕ್ ಕೈಲಿ ನಾನೇ ಕೀಳಿಸ್ದೆ. ಇವಾರ್‌ಗೋಸ್ಕರ."

ಬೋರ್ಗಿಲ್ ಚೀಸಿನ ಚಾಕುವನ್ನು ಒರೆಸಿದರು, ಮತ್ತೆ ಒರೆಸಿದರು. ಎದ್ದು ಹೋಗು ಎನ್ನಲಿ ಎಂದು ಕಾದೆ.

"ಇವಾರ್ ಹೇಗಿದಾನೆ?" ಎಂದು ಕೇಳಿದರು.